ಗಿಟಾರ್ ಪಿಕಪ್

ಗಿಟಾರ್ ಪಿಕಪ್ ಎಂಬುದು ವಿದ್ಯುತ್ ಗಿಟಾರಿನ ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುವ ಸಾಧನ. ಇದರಲ್ಲಿ ಆಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಲಾಗಿರುತ್ತದೆ. ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರವು ಬದಲಾಗಿ, ಮೈಕಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವದಂತೆ ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ.

ಬೇಡಿಕೆಯ ಮೇರೆಗೆ ತಯಾರಿಕೆ

ಪಿಕಪ್ ಮಾಡಿಸುವವರು ತಂತಿಗಳ ನಡುವಣ ಅಂತರ, ಅಳವಡಿಸುವ ಸ್ಥಾನ ಹಾಗೂ ಬಯಸುವ ನಾದಗುಣವನ್ನು ಮೊದಲೇ ತಿಳಿಸಬೇಕು. ಸುತ್ತುಗಳು ಹೆಚ್ಚಿದಂತೆ ಧ್ವನಿ ಪ್ರಬಲವಾಗುತ್ತದೆ. ಆದರೆ ತಾರಸ್ವರಗಳ ಸ್ಪಷ್ಟತೆ ಕುಗ್ಗುತ್ತದೆ. ಬೆಂಗಳೂರಿನ ಮನೆಗಳಿಗೆ ಬರುವ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಒಂಟಿ ಸುರುಳಿಯ ಪಿಕಪ್ ಅದರ ಗುಂಯ್‌ಗುಡುವಿಕೆಯನ್ನೂ ಗ್ರಹಿಸುತ್ತದೆ. ಗಿಬ್ಸನ್ ಸಂಸ್ಥೆಯ ಸೇಥ್ ಲವರ್ 1955ರಲ್ಲಿ ರೂಪಿಸಿದ ಜೋಡಿ ಸುರುಳಿಯ 'ಹಂಬಕರ್' ಈ ದೋಷವನ್ನು ಬಹುಮಟ್ಟಿಗೆ ನಿವಾರಿಸುತ್ತದೆ. ವೀಣೆಯ ಹಿತ್ತಾಳೆ ತಂತಿಗಳಿಗೆ ಕಾಂತೀಯ ಪಿಕಪ್ ಒಗ್ಗುವುದಿಲ್ಲ. ಹಿತ್ತಾಳೆಯು ಕಾಂತಕ್ಷೇತ್ರವನ್ನು ಉಕ್ಕಿನಂತೆ ಕದಲಿಸದು.