ಹುಟ್ಟಿನೊಡನೆ ಬಂದ ಕರುಳಿನ ತಡೆ

ಹುಟ್ಟಿ ಒಂದೆರಡು ದಿನಗಳಾದ ಶಿಶುವು ಕುಡಿದ ಹಾಲನ್ನು ಕಕ್ಕುವುದು ಅಪೂರ್ವವೇನಲ್ಲ. ಕಕ್ಕಿದ್ದು ಬಿಳಿಯ ಹಾಲಾದರೆ ಮನೆಯ ಹಿರಿಯರು ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುವರು. ಬಹುಮಟ್ಟಿಗೆ ಅಷ್ಟೇ ಸಾಕಾಗುವುದು. ವಾಂತಿಯು ಹಸುರಾಗಿದ್ದರೆ ಮಾತೇ ಬೇರೆ. ಆ ಹಸುರು ಪಿತ್ತರಸದ ಬಣ್ಣ. ಜಠರವನ್ನು ದಾಟಿದೊಡನೆ ಸಿಗುವ ಡುಯೋಡಿನಮ್ ಎಂಬ ಕರುಳಿನ ಮೊದಲ ಭಾಗಕ್ಕೆ ಪಿತ್ತರಸವು ಬಂದು ಬಿದ್ದು, ಅಲ್ಲಿಂದ ಕೆಳಕ್ಕೆ ಹರಿಯಬೇಕು. ಅದು ಮೇಲಕ್ಕೆ ಬಂದಿತೆಂದರೆ ಕೆಳಗಣ ದಾರಿ ಕಟ್ಟಿರಬಹುದು. ಆದುದರಿಂದ ನವಜಾತ ಶಿಶುವಿನ ಹಸುರು ವಾಂತಿಯನ್ನು, ಬೇರೆ ಕಾರಣವು ಸಿದ್ಧವಾಗುವ ತನಕ, ಕರುಳಿನ ತಡೆಯೆಂದೇ ವೈದ್ಯರು ಭಾವಿಸುವರು. ಅಜೀರ್ಣವೆಂದು ಬಗೆದು ಬಜೆ ತೇಯ್ದು ನೆಕ್ಕಿಸುವುದಾಗಲಿ, ಹರಳೆಣ್ಣೆ ಕುಡಿಸುವುದಾಗಲಿ ಇಲ್ಲಿ ಕೇಡನ್ನೇ ತರುವುದು.

ತಡೆಯು ಎಲ್ಲಿದೆಯೆಂದು ತಿಳಿಯುವ ಬಗೆಯು ಭೌತವಿಜ್ಞಾನದ ವಿದ್ಯಾರ್ಥಿಗೆ ಸೊಗಸಾಗಿ ತೋರೀತು. ಹೊಟ್ಟೆಯೊಳಗಣ ಮೃದು ಅಂಗಗಳ ಸಾಂದ್ರತೆ ಹೆಚ್ಚುಕಡಮೆ ಒಂದೇ ಆದುದರಿಂದ ಕ್ಷ-ಕಿರಣದ ಚಿತ್ರದಲ್ಲಿ ಅವೆಲ್ಲವೂ ಒಂದೇ ಬೂದುಬಣ್ಣವಾಗಿ ಕಾಣುವುವು. ಗಾಳಿಯಾದರೋ ಕಿರಣಗಳನ್ನು ಬಹುಪಾಲು ಹೀರದೆ ಬಿಡುವುದರಿಂದ ಕಪ್ಪಾಗಿ ಎದ್ದು ಕಾಣುವುದು. ಮಗು ಮೊದಲ ಬಾರಿಗೆ ಅತ್ತಾಗಿನಿಂದಲೇ ಗಾಳಿಯನ್ನು ನುಂಗತೊಡಗುವುದು. ಆ ಗಾಳಿ ಕೆಲವೇ ನಿಮಿಷಗಳಲ್ಲಿ ಜಠರವನ್ನೂ, ಕೆಲವು ಗಂಟೆಗಳಲ್ಲಿ ಸಣ್ಣಕರುಳನ್ನೂ, ಸುಮಾರು ಒಂದು ದಿನದೊಳಗೆ ಗುದದ್ವಾರದ ಸಮೀಪವನ್ನೂ ಸೇರುವುದು. ಅದು ಎಲ್ಲಿ ನಿಂತಿತೋ ಅಲ್ಲಿಯೇ ತಡೆ. ಚಿತ್ರದಲ್ಲಿ ಎರಡೇ ಗುಳ್ಳೆಗಳು ಕಂಡು ಕೆಳಗೆ ಏನೂ ಇಲ್ಲದಿದ್ದರೆ ಒಂದು ಜಠರ, ಇನ್ನೊಂದು ಉಬ್ಬಿದ ಡುಯೋಡಿನಮ್. ಹಲವು ಸುರುಳಿಗಳು ಉಬ್ಬಿದ್ದರೆ ತಡೆಯು ಇನ್ನೂ ಕೆಳಗೆ. ಮಗುವನ್ನು ನೆಟ್ಟಗೆ ಹಿಡಿದು ಚಿತ್ರ ತೆಗೆದರೆ ದ್ರವವು ಕೆಳಗೂ ಗಾಳಿಯು ಮೇಲೂ ನಿಂತು, ನಡುವಣ ಗೆರೆ ಗಾರೆಯವನ ರಸಮಟ್ಟದಂತೆ ಸಮವಾಗಿರುವುದು.

ಇದೇ ಜೋಡಿಗುಳ್ಳೆಯನ್ನು ಇಂದು ಪ್ರಸವಕ್ಕೆ ಮುಂಚೆಯೇ ಶ್ರವಣಾತೀತ ಶಬ್ದತರಂಗಗಳಿಂದ ಕಾಣುವುದುಂಟು. ಆದರೆ ಆಗ ಗುಳ್ಳೆಯಲ್ಲಿರುವುದು ಗಾಳಿಯಲ್ಲ, ಭ್ರೂಣವು ನುಂಗಿದ ಗರ್ಭದ ನೀರು.

ಒಂದು ಸಂದರ್ಭದಲ್ಲಿ ಮಾತ್ರ ಚಿತ್ರವನ್ನು ನಂಬಿ ಕುಳಿತಿರುವಂತಿಲ್ಲ. ಕರುಳು ಹೊಟ್ಟೆಯಲ್ಲಿ ಸರಿಯಾಗಿ ನೆಲೆಗೊಳ್ಳದೆ ತನ್ನ ರಕ್ತನಾಳಗಳ ಸುತ್ತ ಹುರಿಗೊಂಡಾಗ ಚಿತ್ರವು ನಿರ್ದೋಷವಾಗಿ ಕಂಡರೂ ಕಾಣಬಹುದು. ಆದರೆ ರಕ್ತವಿಲ್ಲದ ಕರುಳು ಕೆಲವೇ ಗಂಟೆಗಳಲ್ಲಿ ಸಾಯುವುದು. ಉಳಿದ ತಡೆಗಳಲ್ಲಿ ಮೂಗಿನ ಮೂಲಕ ನಳಿಕೆಯಿಳಿಸಿ ಜಠರವನ್ನು ಬರಿದುಮಾಡಿ, ರಕ್ತನಾಳಕ್ಕೆ ಲವಣದ್ರಾವಣ ಕೊಟ್ಟು, ಮಗುವನ್ನು ಬೆಚ್ಚಗಿಟ್ಟು, ಅದು ಚೇತರಿಸಿಕೊಂಡ ಮೇಲೆ ಶಸ್ತ್ರಚಿಕಿತ್ಸೆ ಮಾಡಬಹುದು.

ಇನ್ನು ಈ ತಡೆ ಉಂಟಾಗುವುದೇಕೆ? ಭ್ರೂಣದ ಡುಯೋಡಿನಮ್ ಒಂದು ಘಟ್ಟದಲ್ಲಿ ಜೀವಕೋಶಗಳಿಂದ ತುಂಬಿ, ಮತ್ತೆ ಟೊಳ್ಳಾಗುವುದೆಂದೂ ಹಾಗೆ ಟೊಳ್ಳಾಗದಿದ್ದರೆ ಗೋಡೆ ಉಳಿಯುವುದೆಂದೂ 1900ರಲ್ಲಿ ವಿಯೆನ್ನಾದ ಟ್ಯಾಂಡ್ಲರ್ ಸೂಚಿಸಿದರು. ಡುಯೋಡಿನಮ್ಮಿನ ಮಟ್ಟಿಗೆ ಈ ವಿವರಣೆಗೆ ಇಂದಿಗೂ ಮನ್ನಣೆಯಿದೆ. ಕೆಳಗಣ ಸಣ್ಣಕರುಳಿಗೆ ಮಾತ್ರ ಅದು ಹೊಂದಲಿಲ್ಲ. ಅಲ್ಲಿ ಗೋಡೆಯ ಆಚೆಗಿದ್ದ ಮಲದಲ್ಲಿ ಪಿತ್ತದ ಬಣ್ಣವೂ, ಭ್ರೂಣವು ನುಂಗಿದ ತನ್ನದೇ ನವಿರುಗೂದಲೂ ಸಿಕ್ಕವು. ಇವು ಗೋಡೆಯನ್ನು ತೂರಿ ಹೋಗಲಾರವಷ್ಟೆ! ಎಂದಮೇಲೆ, ಅವು ಸಾಗಿಹೋದಾಗ ಗೋಡೆಯೇ ಇರಲಿಲ್ಲ. ಅದು ತಡವಾಗಿ ಬಂದುದು.

ದಕ್ಷಿಣ ಆಫ್ರಿಕದ ಕೇಪ್ ಟೌನಿನ ಶಸ್ತ್ರವೈದ್ಯ ಯಾನ್ ಲೌ ಅವರು ಇದಕ್ಕೆ ರಕ್ತಸಂಚಾರದ ಲೋಪವೇ ಕಾರಣವೆಂದು ಶಂಕಿಸಿದರು. ಅವರ ಸಹೋದ್ಯೋಗಿ ಕ್ರಿಸ್ಟಿಯಾನ್ ಬರ್ನಾರ್ಡ್ ಗಬ್ಬದ ನಾಯಿಯ ಗರ್ಭಕೋಶವನ್ನು ತೆರೆದು, ಮರಿಯ ಕರುಳಿನ ಒಂದು ತುಂಡಿಗೆ ರಕ್ತವೊಯ್ಯುವ ನಾಳಗಳನ್ನು ಕಟ್ಟಿ, ಮತ್ತೆ ಎಲ್ಲವನ್ನೂ ಹೊಲಿದು ಪ್ರಸವದವರೆಗೆ ಕಾದರು. ಹುಟ್ಟಿದ ಮರಿಗಳಲ್ಲಿ ಶಿಶುಗಳಲ್ಲಿ ಕಾಣುವಂಥ ತಡೆಯೇ ಇದ್ದಿತು. ಇದು ಪ್ರಕಟವಾದುದು 1955ರಲ್ಲಿ. 1967ರಲ್ಲಿ ಮಾನವಹೃದಯವನ್ನು ಮೊದಲು ಕಸಿಮಾಡಿದ ಬರ್ನಾರ್ಡ್ ಇವರೇ. ಹೃದಯದ ಕೀರ್ತಿಯ ಮುಂದೆ ನಾಯಿಮರಿಯ ಕರುಳಿನ ಈ ಪ್ರಯೋಗ ಮರೆತುಹೋದಂತಿರುವುದು ನ್ಯಾಯವಲ್ಲ.

ಏಕೆಂದರೆ ಚಿಕಿತ್ಸೆಯನ್ನು ಬದಲಿಸಿದುದು ಅದೇ. ಅದುವರೆಗೆ ತಡೆಯ ಮೇಲಣ ಉಬ್ಬಿದ ತುದಿಯನ್ನು ಹಾಗೆಯೇ ಇಟ್ಟು ಕೆಳಗಣ ಕರುಳಿಗೆ ಜೋಡಿಸುತ್ತಿದ್ದರು. ಹೊಲಿಗೆ ಸರಿಯಾಗಿದ್ದರೂ ರಕ್ತ ಸಾಲದ ಆ ತುದಿಯು ಆಹಾರವನ್ನು ಮುಂದೆ ತಳ್ಳದೆ ಅನೇಕ ಶಿಶುಗಳು ತೀರಿಕೊಂಡುವು. ಉಬ್ಬಿದ ಭಾಗವನ್ನೇ ಕತ್ತರಿಸಿ ತೆಗೆದು, ರಕ್ತ ಚೆನ್ನಾಗಿ ಹರಿಯುವ ಎಡೆಯಲ್ಲಿ ಜೋಡಿಸತೊಡಗಿದ ಮೇಲೆ ಬದುಕುವವರ ಸಂಖ್ಯೆ ಬಹಳ ಹೆಚ್ಚಿತು. ಪಿತ್ತನಾಳ ಬಂದು ಸೇರುವ ಡುಯೋಡಿನಮ್ಮನ್ನು ಹೀಗೆ ಕತ್ತರಿಸುವಂತಿಲ್ಲ. ಅಲ್ಲಿ ಮೇಲಣ ಭಾಗವನ್ನು ಅಡ್ಡಲಾಗಿಯೂ ಕೆಳಗಣದನ್ನು ಉದ್ದಕ್ಕೂ ಸೀಳಿ ಹೊಲಿದರೆ ವಜ್ರಾಕೃತಿಯ ಬಾಯಿ ತಾನಾಗಿ ತೆರೆದು ನಿಲ್ಲುವುದು. ಇದು ಜಪಾನಿನ ಕಿಮುರಾ 1977ರಲ್ಲಿ ಪ್ರಕಟಿಸಿದ ಕ್ರಮ.

ಕತ್ತರಿಸಿದ ಬಳಿಕ ಉಳಿಯುವ ಕರುಳು ತೀರ ಗಿಡ್ಡವಾದರೆ ಹಾಲಿನಿಂದಲೇ ಮಗು ಬೆಳೆಯಲಾರದು. 1967ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸಣ್ಣಕರುಳು ಬಹುತೇಕ ಇಲ್ಲದಿದ್ದ ಒಂದು ಶಿಶುವಿಗೆ ಡಡ್ರಿಕ್ ಮತ್ತು ವಿಲ್ಮೋರ್ ಎಂಬ ವೈದ್ಯರು ಸಕ್ಕರೆ, ಅಮೈನೋ ಆಮ್ಲ, ಲವಣ, ಜೀವಸತ್ವಗಳೆಲ್ಲವನ್ನೂ ರಕ್ತನಾಳದ ಮೂಲಕವೇ ಕೊಟ್ಟರು. ಮಗುವಿನ ತೂಕವೂ ಏರಿತು, ಎತ್ತರವೂ ಏರಿತು. ಇಂದು ನವಜಾತ ಶಿಶುಗಳ ತೀವ್ರನಿಗಾ ಘಟಕಗಳಲ್ಲಿ, ಜೋಡಿಸಿದ ಕರುಳು ಕೆಲಸಕ್ಕೆ ತೊಡಗುವ ತನಕ, ಮಗುವಿಗೆ ಸಿಗುವ ಆಹಾರ ಇಂಥದೇ.