ಎಂಜಿನ್ ಮುಗ್ಗರಿಸಿದರೆ ಮೊದಲು ಹಳಿ ನೋಡಿ

ತಾರಸಿಯ ಹೂಕುಂಡಗಳ ನಡುವೆ ಓಡುವ ಮಾದರಿ ರೈಲು ಇದ್ದಕ್ಕಿದ್ದಂತೆ ಮುಗ್ಗರಿಸತೊಡಗಿದರೆ ಎಲ್ಲರ ಕೈಯೂ ಸ್ಕ್ರೂ ಡ್ರೈವರ್‌ಗೆ ಹೋಗುತ್ತದೆ. ಎಂಜಿನ್ ಬಿಚ್ಚಲು ಅವಸರ ಬೇಡ. ಪ್ರತಿ ಸುತ್ತಿನಲ್ಲೂ ಅದು ಒಂದೇ ಜಾಗದಲ್ಲಿ ನಿಧಾನವಾಗುತ್ತಿದೆಯೇ ಎಂದು ಮೊದಲು ನೋಡಿ. ಹಾಗಿದ್ದರೆ ದೋಷ ಹಳಿಯಲ್ಲಿದೆ.

ತೋಟದ ರೈಲಿನ ಹಳಿ ಸಾಮಾನ್ಯವಾಗಿ 45 ಮಿಲಿಮೀಟರ್ ಅಗಲದ್ದು. ಜರ್ಮನಿಯ ಎಲ್‌ಜಿಬಿ ಬ್ರ್ಯಾಂಡ್ 1968ರಿಂದ ಜನಪ್ರಿಯಗೊಳಿಸಿದ, ಇಪ್ಪತ್ತೆರಡೂವರೆ ಪಟ್ಟು ಚಿಕ್ಕದಾದ ಮಾದರಿಯಲ್ಲಿ ಇದು ಮೀಟರ್ ಗೇಜ್‌ಗೆ ಸಮ. ಹಿಂದೆ ಬೆಂಗಳೂರಿನಿಂದ ಕೆಂಗೇರಿ ದಾಟಿ ಮೈಸೂರಿಗೆ ಹೋಗುತ್ತಿದ್ದ ರೈಲೂ ಮೀಟರ್ ಗೇಜಿನದೇ. ಮಾದರಿ ರೈಲಿಗೆ ಎರಡೂ ಹಳಿಗಳೇ ವಿದ್ಯುತ್ ತಂತಿಗಳು. ಬೆಂಗಳೂರಿನ ವಿಜಯನಗರದ ಮೆಟ್ರೊ ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟ್ ಪಡೆಯುತ್ತದೆ. ಅದರಲ್ಲಿ ಮೂರು ವೋಲ್ಟ್ ಸೋರಿದರೆ ಯಾರಿಗೂ ತಿಳಿಯದು. ನಮ್ಮ ಪುಟ್ಟ ಎಂಜಿನ್ನಿಗೆ ಸಿಗುವುದೇ 18 ವೋಲ್ಟ್ ಎಂದುಕೊಳ್ಳಿ, ಮೂರು ಹೋದರೆ ಆರರಲ್ಲೊಂದು ಪಾಲು ಹೋಯಿತು.

ಸೋರಿಕೆ ಆಗುವುದು ಹೆಚ್ಚಾಗಿ ಜೋಡಣೆಗಳಲ್ಲಿ. ಹತ್ತು ಮೀಟರ್ ಹಿತ್ತಾಳೆ ಹಳಿ 30 ಡಿಗ್ರಿ ಬಿಸಿ ಏರಿದರೆ ಸುಮಾರು ಆರು ಮಿಲಿಮೀಟರ್ ಉದ್ದವಾಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ಹೀಗೆ ಎಳೆದಾಡಿದ ಜೋಡಣೆ ಸಡಿಲವಾಗಿ, ಮಳೆನೀರು ಒಳಸೇರಿ ಕಿಲುಬು ಹಿಡಿಯುತ್ತದೆ. ಅಲ್ಲಿ ಮೂರು ಓಮ್ ತಡೆ ಹುಟ್ಟಿದರೆ, ಒಂದು ಆಂಪಿಯರ್ ಹರಿದಾಗ ಮೂರು ವೋಲ್ಟ್ ನಷ್ಟ. ಬರಿ ಎಂಜಿನ್ ಕಡಿಮೆ ಕರೆಂಟ್ ಎಳೆಯುವುದರಿಂದ ಸರಾಗ ದಾಟುತ್ತದೆ, ಬೋಗಿ ಕಟ್ಟಿದಾಗ ಕುಂಟುತ್ತದೆ. ಬೋಗಿ ಹೆಚ್ಚಿದಷ್ಟೂ ಮೋಟರು ಹೆಚ್ಚು ಕರೆಂಟ್ ಎಳೆಯುತ್ತದೆ, ನಷ್ಟವೂ ಹೆಚ್ಚುತ್ತದೆ, ಕೊನೆಗೆ ರೈಲು ನಿಂತೇಬಿಡುತ್ತದೆ.

ಖಾಲಿ ಹಳಿಗೆ ಮಲ್ಟಿಮೀಟರ್ ಹಿಡಿದು ಮೋಸಹೋಗುವವರು ಬಹಳ. ಕರೆಂಟ್ ಹರಿಯದಿದ್ದರೆ ನಷ್ಟವೂ ಇಲ್ಲ, ಮೀಟರ್ ಎಲ್ಲೆಡೆ ಪೂರ್ತಿ ವೋಲ್ಟ್ ತೋರಿಸುತ್ತದೆ. ರೈಲು ಓಡುತ್ತಿರುವಾಗಲೇ, ಅದು ಕುಂಟುವ ಜಾಗದಲ್ಲೇ ಅಳೆಯಬೇಕು. ಕೆಟ್ಟ ಜೋಡಣೆ ಸಿಕ್ಕಿದರೆ ಅದರ ಎರಡೂ ಬದಿಗೆ ಬಳುಕುವ ತಂತಿಯೊಂದನ್ನು ಬೆಸೆಯಿರಿ. ಹಳಿಗಳನ್ನೇ ಬಿಗಿಯಾಗಿ ಬೆಸೆದರೆ ಅವು ಹಿಗ್ಗಲು ಜಾಗವಿಲ್ಲದೆ ಬಾಗುತ್ತವೆ.

ದೋಷ ಎಲ್ಲ ಕಡೆಯೂ ಇದ್ದರೆ ಎಂಜಿನ್ ತಲೆಕೆಳಗು ಮಾಡಿ ಗಾಲಿ ನೋಡಿ. ಗಾಲಿಗಂಟಿದ ಕರಿ ಪದರವೇ ಅರ್ಧ ಕಾಯಿಲೆ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆ ಸಾಕು. ಆಮೇಲೆ ಮಿಕ್ಸಿಯಲ್ಲಿರುವಂಥದೇ ಕಾರ್ಬನ್ ಬ್ರಷ್ ಸವೆದಿದೆಯೇ, ಗೇರಿನ ಗ್ರೀಸ್ ಗಟ್ಟಿಯಾಗಿದೆಯೇ ನೋಡಬೇಕು.

ಬೆಂಗಳೂರಿನ ಕಾಮಾಕ್ಷಿಪಾಳ್ಯದಂಥ ಕಡೆ ಇನ್ನೊಂದು ಎಚ್ಚರಿಕೆ ಅಗತ್ಯ. ಅಕ್ಕಪಕ್ಕದ ಗ್ರೈಂಡಿಂಗ್ ಶೆಡ್ಡುಗಳಿಂದ ಹಾರುವ ಕಬ್ಬಿಣದ ಪುಡಿಯನ್ನು ಮೋಟರಿನ ಕಾಯಂ ಅಯಸ್ಕಾಂತ ಎಳೆದುಕೊಳ್ಳುತ್ತದೆ. ಅಯಸ್ಕಾಂತಕ್ಕೂ ತಿರುಗುವ ಸುರುಳಿಗೂ ನಡುವಿನ ಸಂದು ಬಹಳ ಕಿರಿದು, ಅಲ್ಲಿ ಪುಡಿ ಸೇರಿದರೆ ಮೋಟರು ಉಜ್ಜಿಕೊಂಡು ತಿರುಗುತ್ತದೆ. ಹಳಿ ಹೊಳೆಯಲೆಂದು ಸ್ಟೀಲ್ ವುಲ್‌ನಿಂದ ಉಜ್ಜುವುದೂ ಇದೇ ಕಾರಣಕ್ಕೆ ತಪ್ಪು. ಓಡಿಸದ ದಿನ ಎಂಜಿನ್ನನ್ನು ಮುಚ್ಚಳದ ಡಬ್ಬಿಯಲ್ಲಿಡಿ.

ಅಷ್ಟಾದರೂ ಒಂದು ದಿನ ಅಚ್ಚು ಅಥವಾ ಬುಷ್ ಸವೆಯುತ್ತದೆ. ಹೊರದೇಶದಿಂದ ಬಿಡಿಭಾಗ ತರಿಸುವ ಮೊದಲು, ಹಳೆಯದನ್ನು ಕೈಯಲ್ಲಿ ಹಿಡಿದು ಹತ್ತಿರದ ಲೇತ್ ಅಂಗಡಿಯಲ್ಲಿ ಕೇಳಿ ನೋಡಿ.