ಸೌರಸ್ಫೋಟದ ಕಣಗಳೂ ಇತಿಹಾಸದ ಕಾಲನಿರ್ಣಯವೂ

ಲಿಖಿತ ಆಧಾರಗಳು ಕಾಲವನ್ನು ತಿಳಿಸದೆಡೆಯಲ್ಲಿ ಇತಿಹಾಸಕಾರನು ಅನ್ಯಶಾಸ್ತ್ರಗಳ ನೆರವನ್ನು ಪಡೆಯಬೇಕಾಗುತ್ತದೆ. ಇಂಗಾಲ-14ರ ಸಾಮಾನ್ಯ ಪರೀಕ್ಷೆಯು ಮರದ ತುಂಡೊಂದರ ಕಾಲವನ್ನು ಬಹುಮಟ್ಟಿಗೆ ಹಲವು ದಶಕಗಳ ಅಂತರದೊಳಗೆ ಮಾತ್ರ ಸೂಚಿಸಬಲ್ಲುದು. ಆದರೆ ಕೆಲವೆಡೆ ವರ್ಷವನ್ನೇ ನಿರ್ದೇಶಿಸುವ ಸಾಕ್ಷ್ಯವನ್ನು ಸೂರ್ಯನು ಒದಗಿಸಿದ್ದಾನೆ. ಅದರ ಸ್ವರೂಪವನ್ನೂ ಮಿತಿಯನ್ನೂ ಇಲ್ಲಿ ಪರಿಶೀಲಿಸುತ್ತೇವೆ.

ಸೌರಸ್ಫೋಟದಲ್ಲಿ ಪ್ರೋಟಾನು ಮೊದಲಾದ ವಿದ್ಯುದಾವಿಷ್ಟ ಕಣಗಳು ಎರಡು ಬಗೆಯಿಂದ ವೇಗವನ್ನು ಪಡೆಯುತ್ತವೆ. ಸ್ಫೋಟಸ್ಥಾನದಲ್ಲಿ ಕಾಂತರೇಖೆಗಳು ಕಡಿದು ಮತ್ತೆ ಕೂಡುವಾಗ ಹೊರಬೀಳುವ ಶಕ್ತಿಯಿಂದ ದೊರೆಯುವ ವೇಗವು ಮೊದಲನೆಯದು. ಹೊರಚಿಮ್ಮಿದ ಅನಿಲರಾಶಿಯ ಮುಂದೆ ಸಾಗುವ ಆಘಾತ ತರಂಗದಿಂದ ದೊರೆಯುವುದು ಎರಡನೆಯದು. ತರಂಗದ ಇಕ್ಕೆಲಗಳ ಕಾಂತಕ್ಷೇತ್ರದ ಏರಿಳಿತಗಳು ಕಣವನ್ನು ಮತ್ತೆ ಮತ್ತೆ ತರಂಗದೆಡೆಗೇ ಹಿಂದಿರುಗಿಸುತ್ತವೆ. ಹೀಗೆ ದಾಟಿದಷ್ಟು ಸಲವೂ ಅದರ ಶಕ್ತಿ ತುಸುತುಸುವೇ ಹೆಚ್ಚುತ್ತದೆ. ಬಳಿಕ ಕಣಗಳು ಸೂರ್ಯನಿಂದ ಸುರುಳಿಯಾಗಿ ಹಬ್ಬಿದ ಕಾಂತರೇಖೆಗಳನ್ನು ಅನುಸರಿಸಿ ಸಾಗುತ್ತವೆ. ಅತ್ಯಂತ ಶಕ್ತಿಯುತವಾದವು ಕೆಲವೇ ನಿಮಿಷಗಳಲ್ಲಿ ಭೂಮಿಯನ್ನು ಸೇರಬಲ್ಲವು. ಅನಿಲರಾಶಿಗಾದರೋ ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳು ಬೇಕು. 1942ರಲ್ಲಿ ಇಂತಹ ಕಣಗಳ ಪ್ರಭಾವವು ನೆಲದ ಮೇಲಿನ ಉಪಕರಣಗಳಲ್ಲಿಯೇ ದಾಖಲಾಯಿತು. ಫೋರ್ಬುಷ್ ಅವರು ಅದನ್ನು 1946ರಲ್ಲಿ ಪ್ರಕಟಿಸಿದರು.

ಈ ಪ್ರೋಟಾನುಗಳು ವಾಯುಮಂಡಲವನ್ನು ತಾಕಿದಾಗ ನ್ಯೂಟ್ರಾನುಗಳು ಸಿಡಿಯುತ್ತವೆ. ಅವನ್ನು ಹೀರಿದ ಸಾರಜನಕವು ಇಂಗಾಲ-14 ಆಗಿ ಮಾರ್ಪಡುತ್ತದೆ. ಮರಗಳು ಅದನ್ನು ಗಾಳಿಯಿಂದ ಪಡೆದು ತಮ್ಮ ವಾರ್ಷಿಕ ಉಂಗುರಗಳಲ್ಲಿ ಉಳಿಸಿಕೊಳ್ಳುತ್ತವೆ. 2012ರಲ್ಲಿ ಮಿಯಾಕೆ ಮತ್ತು ಅವರ ಸಹೋದ್ಯೋಗಿಗಳು ಜಪಾನಿನ ಸೀಡರ್ ಮರಗಳಲ್ಲಿ ಕ್ರಿ.ಶ. 774ರಿಂದ 775ಕ್ಕೆ ಇಂಗಾಲ-14ರ ಪ್ರಮಾಣವು ಶೇಕಡ 1.2ರಷ್ಟು ಏರಿದುದನ್ನು ಕಂಡರು. 993ರ ಸುಮಾರಿನಲ್ಲಿಯೂ ಇಂತಹುದೇ ಏರಿಕೆಯುಂಟು. ಇವೆರಡಕ್ಕೂ ಸೌರಕಣಗಳೇ ಕಾರಣವೆಂಬುದು ಹೆಚ್ಚಿನ ವಿದ್ವಾಂಸರ ಮತ.

ಇತಿಹಾಸಕ್ಕೆ ಇದರಿಂದಾದ ಪ್ರಯೋಜನಕ್ಕೆ ಕೆನಡಾದ ನ್ಯೂಫೌಂಡ್‌ಲೆಂಡಿನ ಲಾನ್ಸ್ ಓ ಮೆಡೋಸ್ ನೆಲೆಯು ಉತ್ತಮ ನಿದರ್ಶನ. ಅಲ್ಲಿ ದೊರೆತ, ಲೋಹದ ಆಯುಧದಿಂದ ಕಡಿದ ಮರದ ಮೂರು ತುಂಡುಗಳಲ್ಲಿ 993ರ ಉಂಗುರವನ್ನು ಗುರುತಿಸಿ, ಅಲ್ಲಿಂದ ತೊಗಟೆಯವರೆಗೆ ಎಣಿಸಲಾಯಿತು. ಮೂರೂ ಮರಗಳು 1021ರಲ್ಲಿ ಉರುಳಿದ್ದುವು. ಕೊಲಂಬಸನಿಗಿಂತ 471 ವರ್ಷಗಳ ಮೊದಲೇ ನಾರ್ಸ್ ಜನರು ಅಮೆರಿಕದಲ್ಲಿದ್ದರೆಂಬುದಕ್ಕೆ ಹೀಗೆ ಖಚಿತವಾದ ವರ್ಷವೊಂದು 2021ರಲ್ಲಿ ದೊರೆಯಿತು.

ಆದರೆ ಆಕಾಶದ ಪ್ರತಿಯೊಂದು ಉತ್ಪಾತವೂ ಮರದಲ್ಲಿ ಗುರುತುಳಿಸುವುದಿಲ್ಲ. 1859ರ ಸೆಪ್ಟೆಂಬರ್ 1ರಂದು ಕ್ಯಾರಿಂಗ್ಟನ್ ಕಂಡ ಸೌರಸ್ಫೋಟದ ಮರುದಿನ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿಯೂ ಭೂಕಾಂತದ ತೀವ್ರ ಕ್ಷೋಭೆ ದಾಖಲಾಯಿತು. ಆದರೂ ಮರಗಳಲ್ಲಿ ಇಂಗಾಲ-14ರ ಏರಿಕೆ ಸ್ಪಷ್ಟವಾಗಿ ಕಾಣದು. ಕಾಂತಕ್ಷೋಭೆಗೆ ಅನಿಲರಾಶಿ ಕಾರಣ, ಇಂಗಾಲ-14ಕ್ಕೆ ವೇಗವಾದ ಕಣಗಳು ಕಾರಣ. ಒಂದು ಪ್ರಬಲವಾದೆಡೆ ಇನ್ನೊಂದೂ ಪ್ರಬಲವಾಗಿರಬೇಕೆಂಬ ನಿಯಮವಿಲ್ಲ. ಆದುದರಿಂದ ಹಳೆಯ ಬರಹದಲ್ಲಿ ಕೆಂಪೇರಿದ ಆಗಸದ ಮಾತು ಬಂದೊಡನೆ ಅದನ್ನು ಕಣವರ್ಷದ ಸಾಕ್ಷ್ಯವೆಂದು ಎಣಿಸಲಾಗದು. ಮೇಲಾಗಿ, ಉಂಗುರವು ತಿಳಿಸುವುದು ಮರವನ್ನು ಕಡಿದ ವರ್ಷವನ್ನು, ಮನೆಯನ್ನು ಕಟ್ಟಿದ ವರ್ಷವನ್ನಲ್ಲ. ಆ ಅಂತರವನ್ನು ತುಂಬುವ ಹೊಣೆ ಇತಿಹಾಸಕಾರನದೇ ಆಗಿದೆ.